ಕಮಾಲ್ ಬಿಟ್ಟುಹೋದ ಚಪ್ಪಲಿ

ಸತ್ತವರ ಧ್ವನಿ ಕೇಳಿಸಿತು ಎನ್ನುವವರನ್ನು ನಾನು ಮುಖದ ಮೇಲೆಯೇ ಗೇಲಿ ಮಾಡುತ್ತಿದ್ದೆ. ಸೈನ್ಯದಲ್ಲಿದ್ದಾಗ ಪಹರೆಯ ಜವಾನರು ಇಂಥ ಕತೆ ತಂದರೆ, ಹೊಟ್ಟೆತುಂಬ ಉಂಡು ಮಲಗಿ ಎಂದು ಬೈದು ಕಳಿಸುತ್ತಿದ್ದೆ. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ನಂಬದಿದ್ದರೆ ನನಗೇ ಸ್ವಲ್ಪ ಹಗುರ.

ನಿವೃತ್ತನಾದ ಮೇಲೆ ಕತಾರಿಗೆ ಬಂದವನು ನಾನು. ಮೆಸಯೀದಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಪ್ರತಿ ಶುಕ್ರವಾರ ಮಧ್ಯಾಹ್ನ ಅಲ್ ಮುಂತಜಾ ಬಡಾವಣೆಯಲ್ಲಿರುವ ವಿನ್ಸೆಂಟನ ಫ್ಲ್ಯಾಟಿನಲ್ಲಿ ಊಟ. ವಿನ್ಸೆಂಟ್ ಉಡುಪಿ ಕಡೆಯವನು, ಇನ್ನೊಬ್ಬ ಕೊಡಗಿನ ಮಾಚಯ್ಯ. ಮೂವರೂ ಮಾಜಿ ಸೈನಿಕರು. ಅಡುಗೆ ಮಾತ್ರ ಬಾಂಗ್ಲಾದೇಶದ ಕಮಾಲನದು. ಅವನನ್ನು ಕರೆಸಿಕೊಂಡ ಕಂಪನಿ ಬಾಗಿಲು ಹಾಕಿತ್ತು, ಇಲ್ಲಿರಲು ಬೇಕಾದ ಐಡಿ ಕಾರ್ಡಿನ ಅವಧಿ ಮುಗಿದಿತ್ತು. ಪೊಲೀಸರ ಕಣ್ಣು ತಪ್ಪಿಸಿ ಅವರಿವರ ಮನೆಯಲ್ಲಿ ಅಡುಗೆ ಮಾಡಿ, ಊರಿನಲ್ಲಿ ಕಾಯಿಲೆ ಬಿದ್ದ ಮಗಳ ಚಿಕಿತ್ಸೆಗೆ ಹಣ ಕಳಿಸುತ್ತಿದ್ದ. ಸಿಕ್ಕಿಬಿದ್ದರೆ ವಿಮಾನ ಹತ್ತಿಸುತ್ತಾರೆ, ಅಲ್ಲಿಗೆ ಎಲ್ಲ ಖಲಾಸ್.

ಒಂದು ಶುಕ್ರವಾರ ಊಟದ ಹೊತ್ತಿಗೆ ಟಿವಿಯಲ್ಲಿ, ಯಾವುದೋ ದೇಶದಲ್ಲಿ ಕಾಗದಪತ್ರವಿಲ್ಲದ ವಲಸಿಗರನ್ನು ಹಿಡಿಯಲು ಸೈನ್ಯವನ್ನು ಬೀದಿಗಿಳಿಸಿದ ಸುದ್ದಿ ಬರುತ್ತಿತ್ತು.

"ಆರ್ಡರ್ ಅಂದ್ರೆ ಆರ್ಡರ್. ಸರ್ಕಾರ ಹೇಳಿದ ಮೇಲೆ ಮಾಡ್ಬೇಕು," ಎಂದ ಮಾಚಯ್ಯ.

"ಅದು ಪೊಲೀಸ್ನವರ ಕೆಲ್ಸ ಮಾರಾಯಾ," ಎಂದ ವಿನ್ಸೆಂಟ್. "ಹೊಟ್ಟೆಪಾಡಿಗೆ ಬಂದವ್ರನ್ನು ಹಿಡೀಲಿಕ್ಕಾ ನಮಗೆ ಟ್ರೈನಿಂಗ್ ಕೊಟ್ಟದ್ದು? ಮತ್ತೆ ಯೂನಿಫಾರ್ಮಿಗೆ ಮರ್ಯಾದೆ ಉಂಟಾ?"

ನಾನು ಅವನಿಗಿಂತ ಒಂದು ಕೈ ಮೇಲೆ. "ನಾನಾದ್ರೆ ರೈಫಲ್ ಕೆಳಗಿಟ್ಟು, ಕೋರ್ಟ್ ಮಾರ್ಷಲ್ ಮಾಡಿ ಅಂತಿದ್ದೆ. ಇಲ್ಲಿ ನಾವು ಮತ್ತೆ ಯಾರು? ವಲಸೆ ಬಂದವ್ರೇ ಅಲ್ವಾ?" ಎಂದೆ. ನನ್ನ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು.

ಮಾಚಯ್ಯ ನಗುತ್ತಾ ಅದನ್ನೆಲ್ಲ ಹಿಂದಿಯಲ್ಲಿ ಕಮಾಲನಿಗೆ ಹೇಳಿದ. ಮೀನುಸಾರಿನ ಪಾತ್ರೆ ಹಿಡಿದು ನಿಂತಿದ್ದ ಅವನು, "ಸಚ್, ಸಾಬ್? ನಹೀ ಪಕಡೇಂಗೆ?" ಎಂದು, ನಿಜಕ್ಕೂ ಹಿಡಿಯುವುದಿಲ್ಲವಾ ಎಂದು ಕೇಳಿದ. "ಕಭೀ ನಹೀ," ಎಂದೆ.

ಆಗ ಬಾಗಿಲಾಚೆಯಿಂದ ಆ ಧ್ವನಿ ಬಂತು. "ದರ್ವಾಜಾ ರೋಕೋ! ಏಕ್ ಭೀ ನಿಕಲ್ನೇ ನ ಪಾಯೇ!" ಬಾಗಿಲು ತಡೆಯಿರಿ, ಒಬ್ಬನೂ ಹೊರಹೋಗಬಾರದು ಎಂಬ ಆ ಹುಕುಂ ಸೈನ್ಯದಲ್ಲಿ ನನ್ನ ಮೇಲಿದ್ದ ಸುಬೇದಾರರ ಧ್ವನಿಯಲ್ಲಿತ್ತು. ಓಣಿಯೊಂದನ್ನು ಸುತ್ತುವರಿದು ಮನೆಮನೆ ಶೋಧಿಸುವಾಗ ಅವರು ಹೀಗೆಯೇ ಕೂಗುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾಗಿದ್ದವು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಎದ್ದದ್ದು ಗೊತ್ತಿಲ್ಲ, ನಡೆದದ್ದು ಗೊತ್ತಿಲ್ಲ. ನೋಡಿದರೆ ನಾನು ತೆರೆದಿದ್ದ ಬಾಗಿಲಿಗೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ನಿಂತಿದ್ದೆ. ಬೆರಳುಗಳಲ್ಲಿ ಇನ್ನೂ ಅನ್ನ. ಕಮಾಲ್ ಪಾತ್ರೆಯನ್ನು ನಿಧಾನವಾಗಿ ನೆಲಕ್ಕಿಟ್ಟು ನನ್ನ ಮುಖ ನೋಡಿದ. ಆ ನೋಟದಲ್ಲಿ ಆಶ್ಚರ್ಯವೇ ಇರಲಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಅದು.

"ಎಂತ ಆಯ್ತು ಮಾರಾಯಾ ನಿಂಗೆ?" ಎಂದು ವಿನ್ಸೆಂಟ್ ಕೂಗಿದಾಗ ಕೈ ಸಡಿಲವಾಯಿತು. ಕಮಾಲ್ ಬಗ್ಗಿ, ನನ್ನ ತೋಳಿನ ಕೆಳಗಿಂದ ನುಸುಳಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದ. ಹೊರಗೆ ಸುಡುಬಿಸಿಲು. ಮೆಟ್ಟಿಲ ಬಳಿ ಬೇರೆ ಯಾರೂ ಇರಲಿಲ್ಲ. ಸ್ನೇಹಿತರಿಬ್ಬರಿಗೂ ಯಾವ ಧ್ವನಿಯೂ ಕೇಳಿಸಿರಲಿಲ್ಲ. ತಲೆ ಸುತ್ತಿತು ಎಂದು ಸುಳ್ಳು ಹೇಳಿದೆ. ಸುಬೇದಾರರ ಮಾತನ್ನು ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಕೆಲವು ವಾರಗಳ ಬಳಿಕ ವಿನ್ಸೆಂಟ್ ಫೋನ್ ಮಾಡಿದ. "ಕಮಾಲ್ ಸಿಕ್ಕಿದ್ದ. ಬಾ ಅಂದ್ರೂ ಬರುದಿಲ್ಲ ಅಂತಾನೆ. ನೀನು ಪೊಲೀಸರಿಗೆ ಹೇಳ್ತೀ ಅಂತ ರೂಮೇ ಬದಲಿಸಿದ್ದಾನೆ. ಅಲ್ಲ ಮಾರಾಯಾ, ನೀನು ಆವತ್ತು ಕೂಗಿದೆ ಅಂತಾನಲ್ಲ? ನಾವು ಪಕ್ಕದಲ್ಲೇ ಇದ್ದೆವು, ನೀನು ಬಾಯಿ ಬಿಟ್ಟದ್ದೇ ಇಲ್ಲ."

"ಏನಂತ ಕೂಗಿದೆನಂತೆ?" ಎಂದು ಕೇಳಿದೆ. ಕೇಳಬಾರದಿತ್ತು.

"ಏಕ್ ಭೀ ನಿಕಲ್ನೇ ನ ಪಾಯೇ ಅಂತ."

ಸುಬೇದಾರರ ಮಾತು ಕಮಾಲನ ಕಿವಿಗೆ ನನ್ನ ದನಿಯಲ್ಲಿ ಬಿದ್ದದ್ದು ಹೇಗೆಂದು ಇವತ್ತಿಗೂ ನನಗೆ ಹೊಳೆದಿಲ್ಲ. ಶುಕ್ರವಾರದ ಊಟ ಈಗಲೂ ಇದೆ, ಹೋಟೆಲಿನಿಂದ ತರಿಸುತ್ತೇವೆ. ಅವನ ನೀಲಿ ಚಪ್ಪಲಿಗಳನ್ನು ವಿನ್ಸೆಂಟ್ ಬಾಗಿಲ ಪಕ್ಕದಲ್ಲೇ ಇಟ್ಟಿದ್ದಾನೆ. ಒಳಗೆ ಹೋಗುವಾಗ ನಾನು ಅವುಗಳ ಕಡೆ ನೋಡುವುದಿಲ್ಲ. ಕೂರುವಾಗ ಬಾಗಿಲಿಗೆ ಎಲ್ಲರಿಗಿಂತ ದೂರದ ಕುರ್ಚಿಯಲ್ಲಿ ಕೂರುತ್ತೇನೆ.