ಮೂರನೇ ಹಾಡಿನಲ್ಲಿ ಬರುತ್ತಿದ್ದ ಗಾಡಿ

ಹೋದ ವಾರ ರಕ್ತಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಹತ್ತಿಯ ಉಂಡೆಗೆ ಸ್ಪಿರಿಟ್ ಹಾಕಿ ನನ್ನ ತೋಳಿಗೆ ಒರೆಸಿದಳು. ಸೂಜಿ ಇನ್ನೂ ದೂರವಿತ್ತು, ಆದರೂ ನನ್ನ ಕಣ್ಣು ತುಂಬಿಕೊಂಡಿತು. "ನೋವಾಗಲ್ಲ ಸಾರ್, ಹೆದರಬೇಡಿ" ಎಂದಳು. ಹೆದರಿಕೆಯಲ್ಲಮ್ಮ, ಈ ವಾಸನೆ... ಎಂದು ಹೇಳಬೇಕೆನಿಸಿತು. ಹೇಳಿದ್ದರೆ ಡಾಕ್ಟರನ್ನು ಕರೆಯುತ್ತಿದ್ದಳೋ ಏನೋ. ತೋಳನ್ನು ಇನ್ನಷ್ಟು ಮುಂದೆ ಚಾಚಿದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಮೇಷ್ಟ್ರಾಗಿ ಸೇರಿಕೊಂಡು, ವಿದ್ಯಾನಗರದ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಮಾಲೀಕರು. ಹತ್ತಿಯ ಅಡತಿ ಅಂಗಡಿ ನಡೆಸಿ, ಅದನ್ನು ತಮ್ಮನ ಕೈಗೆ ಕೊಟ್ಟು ಮನೆಯಲ್ಲಿ ಕೂತವರು. ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಅಣ್ಣಾರು ಎನ್ನುತ್ತಿದ್ದೆ. ಮೈಸೂರು ಕಡೆಯಿಂದ ಹೋದ ನನಗೆ ಆ ಊರಿನಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಭಾನುವಾರ ಬಂದರೆ ಎದೆ ಭಾರವಾಗುತ್ತಿತ್ತು. ಪಕ್ಕದ ಹಾಸ್ಟೆಲಿನ ಹುಡುಗರು ಬಕೆಟ್ ಹಿಡಿದು ಜಗಳವಾಡುವುದನ್ನು ಕಿಟಕಿಯಿಂದ ನೋಡುತ್ತ, ಆ ಜಗಳದಲ್ಲಾದರೂ ನನಗೊಂದು ಪಾಲಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಿದ್ದೆ.

ಅಂಥದೊಂದು ಭಾನುವಾರ ಬೆಳಿಗ್ಗೆ ಕೆಳಗಿನಿಂದ ಭಾರೀ ಸದ್ದು ಬಂತು. ನೀರೆತ್ತುವ ಮೋಟರು ಕೆಟ್ಟಿತೆಂದು ಓಡಿ ಇಳಿದೆ. ನೋಡಿದರೆ ಅಣ್ಣಾರು ಸ್ನಾನ ಮುಗಿಸಿ, ಹಣೆಗೆ ಅಡ್ಡ ವಿಭೂತಿ ಹಚ್ಚಿ, ಕ್ಯಾಸೆಟ್ ಪ್ಲೇಯರಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಸ್ಪಿರಿಟ್ ಬಾಟಲಿ, ಹತ್ತಿ. ಕ್ಯಾಸೆಟ್ ಹಾಕುವ ಮೊದಲು ಪ್ಲೇಯರಿನೊಳಗೆ ರೀಲು ತಾಗುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸದೆ ಅವರು ಹಾಡು ಕೇಳುತ್ತಿರಲಿಲ್ಲ. ಹತ್ತಿ ವ್ಯಾಪಾರಿಯ ಮನೆ, ಹತ್ತಿಗೇನು ಬರ.

"ಬರ್ರಿ ಮೇಷ್ಟ್ರೆ, ಕೂಡ್ರಿ. ನಮ್ಮ ಹುಡುಗ್ರು ಅದಾರೆ" ಎಂದರು.

ಅವರ ಹುಡುಗರೆಂದರೆ ಎಪ್ಪತ್ತರ ದಶಕದ ಒಂದು ವಿಲಾಯತಿ ರಾಕ್ ಬ್ಯಾಂಡಿನವರು. ಹೆಸರು ಹೇಳಿದರೆ ಈಗಿನವರೂ ಗುರುತಿಸುತ್ತಾರೆ, ಆದರೆ ಅಣ್ಣಾರು ಒಂದು ದಿನವೂ ಆ ಹೆಸರು ಎತ್ತಿದವರಲ್ಲ. ಮಕ್ಕಳನ್ನು ಹೆಸರು ಹಿಡಿದು ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುವಂತಿತ್ತು. ಬೇರೆ ಬ್ಯಾಂಡುಗಳಿಗೂ ಅವರದೇ ಗುರುತುಗಳಿದ್ದವು. ಚರ್ಚಿನಲ್ಲಿಯಂತೆ ಆರ್ಗನ್ ಬಾರಿಸುವವನ ಬ್ಯಾಂಡು "ಮಠದ ಪಾರ್ಟಿ". ಹಾಡುವುದಕ್ಕಿಂತ ಕಿರುಚುವುದೇ ಹೆಚ್ಚಾಗಿದ್ದವನು "ಹರಾಜಿನೋನು". ಅವರ ಹೆಂಡತಿಗೆ ಮಾತ್ರ ಎಲ್ಲವೂ ಒಂದೇ. "ಕಬ್ಬಿಣ ಕುಟ್ಟೋದಕ್ಕೂ ಹಾಡು ಅಂತಾರಲ್ಲ ಇವ್ರು" ಎಂದು ನನಗೆ ಚಹಾ ಕೊಟ್ಟು ಒಳಗೆ ಹೋಗುತ್ತಿದ್ದರು.

ಆ ದಿನ ಮೂರನೇ ಹಾಡಿನ ನಡುವೆ, ಗಿಟಾರು ಒಂದೇ ಸಮನೆ ಏರುತ್ತಿದ್ದಾಗ, ದೂರದಿಂದ ರೈಲಿನ ಕೂಗು ಕೇಳಿಸಿತು. ಆಮೇಲೆ ಗಡಗಡ ಸದ್ದು ಹಾಡನ್ನೆಲ್ಲ ತುಂಬಿಕೊಂಡು, ಮೆಲ್ಲಗೆ ದಾಟಿಹೋಯಿತು. ಎಂಥ ಕಲ್ಪನೆ ಎಂದು ತಲೆದೂಗಿದೆ. ಅಣ್ಣಾರು ನಕ್ಕರು. "ಅದು ಹರಿಹರದ ಗಾಡಿ ಕಣ್ರಿ."

ಕಥೆ ಇಷ್ಟೇ. ಎಪ್ಪತ್ತರ ದಶಕದಲ್ಲಿ ಹರಿಹರದ ಒಂದು ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿ ಎಂಜಿನಿಯರನ ಹತ್ತಿರ ಈ ಹಾಡುಗಳ ಗ್ರಾಮಫೋನ್ ರೆಕಾರ್ಡು ಇತ್ತು. ಅಣ್ಣಾರ ಗೆಳೆಯ ಆ ಕಾರ್ಖಾನೆಯಲ್ಲಿ ಲೋಹ ಒತ್ತುವ ಪ್ರೆಸ್ಸಿನ ಮೇಲೆ ಕೆಲಸಕ್ಕಿದ್ದವರು. ಎಂಜಿನಿಯರ್ ಊರು ಬಿಡುವ ದಿನ, ಸಂಜೆಗೆ ವಾಪಸು ಕೊಡುತ್ತೇವೆಂದು ಬೇಡಿಕೊಂಡು ಪ್ಲೇಯರಿನ ಸಮೇತ ತಂದರು. ಸ್ಟೇಷನ್ನಿನ ಹಿಂದೆ ಗೆಳೆಯನ ಕೋಣೆ. ಎರಡನ್ನೂ ವೈರಿನಿಂದ ಜೋಡಿಸುವುದು ಗೊತ್ತಿಲ್ಲ. ಸ್ಪೀಕರಿನ ಎದುರು ಟೇಪ್ ರೆಕಾರ್ಡರ್ ಇಟ್ಟು, ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಬೆವರು ಸುರಿಸಿಕೊಂಡು ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದರು. ಮೂರನೇ ಹಾಡಿಗೆ ಗಾಡಿ ಬಂತು. ಮತ್ತೊಮ್ಮೆ ತುಂಬಿಸಲು ಹೊತ್ತಿರಲಿಲ್ಲ. "ಆ ಗಾಡಿಗೆ ಬೈದಂಗೆ ಯಾರಿಗೂ ಬೈದಿಲ್ಲ ಬಿಡ್ರಿ" ಎನ್ನುತ್ತಿದ್ದರು ಅಣ್ಣಾರು.

ತಿಂಗಳಿಗೊಂದು ಭಾನುವಾರ ಅವರು ಕ್ಯಾಸೆಟ್ಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹರಿಹರದ ಬಸ್ಸು ಹತ್ತುತ್ತಿದ್ದರು. ನನ್ನನ್ನೂ ಕರೆದೊಯ್ಯತೊಡಗಿದರು. ಸ್ಟೇಷನ್ನಿನ ಹಿಂದಿನ ಅದೇ ಮನೆ. ಅಣ್ಣಾರು "ದೋಸ್ತ" ಎನ್ನುತ್ತಿದ್ದ ಆ ಗೆಳೆಯರನ್ನು ನಾನು ಸಾಹೇಬ್ರು ಎಂದು ಕರೆದೆ. ಆದರೆ ಕರೆದದ್ದು ಅವರಿಗೆ ಕೇಳಿಸಲಿಲ್ಲ. ಪ್ರೆಸ್ಸಿನ ಸದ್ದಿನಲ್ಲಿ ದುಡಿದು ದುಡಿದು ಅವರ ಎರಡೂ ಕಿವಿ ಹೋಗಿದ್ದವು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಕಿವಿ ಹೋದ ಮೇಲೆ ಕ್ಯಾಸೆಟ್ಟನ್ನು ಅಣ್ಣಾರಿಗೆ ಕೊಟ್ಟವರು ಅವರೇ.

ಕಿವುಡರ ಮನೆಗೆ ಹಾಡು ಹೊತ್ತು ಹೋಗುವುದೇಕೆ ಎಂದು ಮೊದಲ ಸಲ ನನಗೆ ತಿಳಿಯಲಿಲ್ಲ. ಆಮೇಲೆ ನೋಡಿದೆ. ಮಂದಕ್ಕಿ ಮೆಣಸಿನಕಾಯಿ ತಿಂದು, ಕೈ ತೊಳೆದು, ಸಾಹೇಬ್ರು ತಮ್ಮ ದೊಡ್ಡ ಮರದ ಸ್ಪೀಕರಿನ ಮೇಲೆ ಅಂಗೈ ಊರಿ ಕೂರುತ್ತಿದ್ದರು. ಅವರಿಗೆ ಡ್ರಮ್ಮಿನವನೆಂದರೆ ಪ್ರಾಣ, ಅಣ್ಣಾರಿಗೆ ಗಿಟಾರಿನವನು. ಯಾರು ಹೆಚ್ಚೆಂದು ಜಗಳವಾಡುತ್ತಿದ್ದರು. "ಗಿಟಾರು ಯಾವ ಬಡವನಾದ್ರೂ ಬಾರಿಸ್ತಾನೆ ಬಿಡೋ. ನನ್ನ ಕೈಗೆ ಬರೋನೇ ಉಸ್ತಾದ" ಎನ್ನುತ್ತಿದ್ದರು ಸಾಹೇಬ್ರು. ಮೂರನೇ ಹಾಡು ಬರುತ್ತಲೇ ಮಾತು ನಿಲ್ಲುತ್ತಿತ್ತು. ಸಾಹೇಬ್ರ ಮುಖ ಬಿಗಿಯಾಗುತ್ತಿತ್ತು. ರೈಲಿನ ಗಡಗಡಕ್ಕೆ ಸ್ಪೀಕರಿನ ಪೆಟ್ಟಿಗೆ ಅದುರಲು ತೊಡಗಿದೊಡನೆ ಇನ್ನೊಂದು ಕೈ ಎತ್ತಿ "ಗಾಡಿ ಬಂತು" ಎನ್ನುತ್ತಿದ್ದರು. ಅಣ್ಣಾರು ಹೂಂ ಎಂದು ತಲೆಯಾಡಿಸುತ್ತಿದ್ದರು. ಅಷ್ಟಕ್ಕಾಗಿಯೇ ನಾವು ಹೋಗುತ್ತಿದ್ದುದು. ಆ ಕೋಣೆಯಲ್ಲಿ ಮಾತ್ರ ನಾನು ಒಬ್ಬಂಟಿ ಎಂಬುದು ನನಗೆ ಮರೆಯುತ್ತಿತ್ತು.

ಒಂದು ದಿನ ಅಣ್ಣಾರ ಪ್ಲೇಯರು ಆ ಕ್ಯಾಸೆಟ್ಟನ್ನು ನುಂಗಿತು. ರೀಲು ಸುಕ್ಕಾಗಿ, ಎರಡು ಕಡೆ ತುಂಡಾಗಿ ಹೊರಬಂತು. ರಿಪೇರಿಯವನು ಕೈಯಲ್ಲಿ ಹಿಡಿದು ನೋಡಿ, ಆಗುವುದಿಲ್ಲ ಎಂದ. ಅಣ್ಣಾರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಮೇಲೆ ಬಂದು, "ಮೇಷ್ಟ್ರೆ, ನೀವು ಬೆಂಗ್ಳೂರಿಗೆ ಹೋಗೋರಿದ್ದೀರಲ್ಲ. ಅದೇ ಹಾಡಿಂದು ಹೊಸ ಕ್ಯಾಸೆಟ್ ಸಿಕ್ಕರೆ ತಗೊಂಬರ್ರಿ. ದೋಸ್ತಗೆ ಹೇಳೋದು ಬ್ಯಾಡ, ಸಂಕಟ ಪಡ್ತಾನೆ. ಅವನಿಗೆ ಹೆಂಗೂ ಕೇಳ್ಸಲ್ಲ, ಗೊತ್ತಾಗಲ್ಲ" ಎಂದರು.

ತಂದುಕೊಟ್ಟೆ. ಮೇಲಿನ ಹೊಳೆಯುವ ಕಾಗದವನ್ನೂ ಅವರು ಬಿಚ್ಚಲಿಲ್ಲ. ಮೊದಲು ಕೇಳುವುದು ದೋಸ್ತನ ಜೊತೆಗೇ ಎಂದರು. ಆ ಗಾಡಿ ಹಾಡಿನದಲ್ಲ, ಹರಿಹರದ್ದು, ಹೊಸ ಕ್ಯಾಸೆಟ್ಟಿನಲ್ಲಿ ಅದಿರುವುದಿಲ್ಲ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ. ಅಷ್ಟು ವರ್ಷ ಹಾಡಿನೊಳಗೇ ಓಡಿದ ಗಾಡಿ, ಅದನ್ನು ಬೇರೆ ಮಾಡಿ ನೋಡುವುದು ಹೇಗೆ?

ಆ ಭಾನುವಾರ ಹೊಸ ಕ್ಯಾಸೆಟ್ಟಿನಿಂದ ಹಾಡು ತೊಳೆದಿಟ್ಟಂತೆ ಬಂತು. ಮೂರನೇ ಹಾಡಿನಲ್ಲಿ ಗಿಟಾರು ಏರುತ್ತಿದ್ದಂತೆ ಸಾಹೇಬ್ರ ಮುಖ ಬಿಗಿಯಾಯಿತು. ಅಣ್ಣಾರು ನನ್ನ ಮುಖ ನೋಡಿದರು. ಇದರಲ್ಲಿ ಗಾಡಿಯಿಲ್ಲವೆಂದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಗಿಟಾರು ಏರಿತು, ಇಳಿಯಿತು, ಹಾಡು ಮುಗಿಯಿತು.

"ಗಾಡಿ ಹೋತೇನೋ?" ಎಂದು ಸಾಹೇಬ್ರು ಕೇಳಿದರು.

ಅಣ್ಣಾರು ಹೂಂ ಎಂದು ತಲೆಯಾಡಿಸಿಬಿಟ್ಟರು.

ಸಾಹೇಬ್ರು ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಲುಂಗಿಗೆ ಒರೆಸಿ ಮತ್ತೆ ಪೆಟ್ಟಿಗೆಯ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತೆಗೆದರು. "ನಂಗೆ ತಿಳೀಲಿಲ್ಲ ನೋಡು. ಕಿವಿ ಆತು, ಈಗ ಕೈದು ಸರದಿ" ಎಂದು ನಕ್ಕು, ಚಹಾ ತರಲು ಒಳಗೆ ಹೋದರು.

ಬಸ್ಸಿನಲ್ಲಿ ಅಣ್ಣಾರು ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. "ಯಾಕ ಹೂಂ ಅಂದ್ನೋ ನನಗೇ ತಿಳೀವಲ್ದು ಮೇಷ್ಟ್ರೆ" ಎಂದರು. ಮುಂದಿನ ಭಾನುವಾರದವರೆಗೂ ಅವರಿಗೆ ತಾಳ್ಮೆಯಿರಲಿಲ್ಲ. ಮಾರನೆಯ ಮಧ್ಯಾಹ್ನವೇ ತುಂಡಾದ ಕ್ಯಾಸೆಟ್ಟನ್ನು ಹಿಡಿದು ಹೊರಟರು, ನಾನೂ ಹೋದೆ. ಸಾಹೇಬ್ರ ಎದುರು ಅದನ್ನಿಟ್ಟು, ಒಂದೊಂದೇ ಮಾತನ್ನು ತುಟಿ ಕಾಣುವಂತೆ ಹೇಳಿದರು. ನಿನ್ನೆ ಹಾಕಿದ್ದು ಹೊಸದು, ಅದರಲ್ಲಿ ಗಾಡಿಯೇ ಇಲ್ಲ, ನಿನ್ನ ಕೈ ಸರಿಯಾಗಿದೆ.

ಸಾಹೇಬ್ರು ಹರಿದ ರೀಲನ್ನು ಬೆರಳಿಗೆ ಸುತ್ತಿಕೊಂಡು ನೋಡಿದರು. ಅವರ ಕಣ್ಣಲ್ಲಿ ನೀರು ಬಂತು.

"ನನ್ನ ಸಮಾಧಾನಕ್ಕ ಇದನ್ನ ಹರಕೊಂಡು ಬಂದ್ಯೇನೋ ದೋಸ್ತ? ಇದ್ದದ್ದು ಇದೊಂದೇ ಅಲ್ಲೇನೋ."

ಅಣ್ಣಾರು ಆಣೆ ಇಟ್ಟರು, ಸಿಟ್ಟು ಮಾಡಿದರು, ನನ್ನಿಂದಲೂ ಹೇಳಿಸಿದರು. ಸಾಹೇಬ್ರು ಅವರ ಬೆನ್ನು ಸವರುತ್ತಲೇ ಇದ್ದರು, ನಂಬಲಿಲ್ಲ. ಇನ್ನೊಮ್ಮೆ ಆ ಪೆಟ್ಟಿಗೆಯ ಮೇಲೆ ಕೈ ಇಡಲೂ ಇಲ್ಲ. ಆಮೇಲೂ ನಾವು ಹರಿಹರಕ್ಕೆ ಹೋಗುತ್ತಿದ್ದೆವು. ಮಂದಕ್ಕಿ, ಚಹಾ, ಪೇಟೆಯ ಸುದ್ದಿ ಎಲ್ಲ ಇತ್ತು. ಹಾಡು ಮಾತ್ರ ಇರಲಿಲ್ಲ. ವಿದ್ಯಾನಗರದಲ್ಲೂ ಭಾನುವಾರದ ಬೆಳಗು ಸದ್ದಿಲ್ಲದೆ ಕಳೆಯತೊಡಗಿತು. ಅಣ್ಣಾರ ಹೆಂಡತಿಯೇ ಒಮ್ಮೆ, "ಏನಾರ ಹಾಕ್ರಿ, ಮನಿ ಬಿಕೋ ಅಂತೈತೆ" ಎಂದದ್ದು ನನಗೆ ಮೇಲಿಂದಲೇ ಕೇಳಿಸಿತ್ತು. ಅವರು ಏನೂ ಹಾಕಲಿಲ್ಲ.

ನನಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಮೊದಲು ಕಾಗದ, ಆಮೇಲೆ ಹಬ್ಬಕ್ಕೊಂದು ಫೋನು, ಆಮೇಲೆ ಅದೂ ಇಲ್ಲ... ಸಾಹೇಬ್ರು ಮೊದಲು ಹೋದರಂತೆ. ಮರುವರ್ಷವೇ ಅಣ್ಣಾರು. ಎರಡೂ ಸುದ್ದಿ ನನಗೆ ತಡವಾಗಿ ಒಟ್ಟಿಗೇ ಸಿಕ್ಕವು, ಅಳುವುದಕ್ಕೂ ಹೊತ್ತು ಮೀರಿತ್ತು.

ಲ್ಯಾಬಿನಿಂದ ಬಂದ ಸಂಜೆ ಆ ಮೂರನೇ ಹಾಡನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ನಡುವೆ ತಡೆಯಲಾರದೆ ಹೆಂಡತಿಗೆ, "ಇಲ್ಲೊಂದು ಗಾಡಿ ಬರಬೇಕಿತ್ತು" ಎಂದೆ.

"ಹಾಡಿನೊಳಗೆ ಗಾಡಿ ಯಾಕೆ ಬರುತ್ತೆ?" ಎಂದಳು.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಬರುತ್ತದೆ ಎಂದು ನನ್ನ ಜೊತೆ ಸಾಕ್ಷಿ ಹೇಳಬಲ್ಲವರು ಇಬ್ಬರೇ ಇದ್ದರು, ಇಬ್ಬರೂ ಈಗಿಲ್ಲ.