ಎಡಕ್ಕೆ, ಇನ್ನೂ ಎಡಕ್ಕೆ

ಆ ದಿನ ಬಿಸಿಲಿತ್ತು ಎಂದು ಬರೆದು ಹೊಡೆದುಹಾಕಿದೆ. ಬಿಸಿಲಿರುವುದು ಅಂದು ನಾನು ಬರೆದ ಚಿತ್ರದಲ್ಲಿ, ಅದನ್ನೇ ನೆನಪು ಎಂದುಕೊಂಡಿದ್ದೇನೆ. ನಿಜಕ್ಕೂ ಮೋಡ ಕವಿದಿರಬೇಕು, ಏಕೆಂದರೆ ಕಾಗದ ಒಣಗುತ್ತಲೇ ಇರಲಿಲ್ಲ. ಆಕಾಶದ ನೀಲಿ ಕಾಡಿನೊಳಕ್ಕೆ ಇಳಿಯುತ್ತಿತ್ತು, ಹಸಿ ಬಣ್ಣಕ್ಕೆ ನುಸಿಗಳು ಬಂದು ಅಂಟುತ್ತಿದ್ದವು. ಆದರೂ ಖುಷಿಯಲ್ಲಿದ್ದೆ. ಅದೊಂದು ಖಚಿತ. ಬರೆಯಲು ಕಷ್ಟವಾಗುತ್ತಿರುವುದೂ ಅದೇ.

ಮುಂಡಗೋಡದ ಬಸ್ಸಿನಿಂದ ನಡುದಾರಿಯಲ್ಲಿಳಿದು, ಕಾಡಿನಂಚಿನ ಭತ್ತದ ಗದ್ದೆಯೊಂದರ ಎದುರು ಚಿತ್ರದ ಕಾಗದಕ್ಕೆಂದು ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿದ್ದೆ. ಒಂದು ಕಣ್ಣು ಮುಚ್ಚಿ, ಬ್ರಶ್ಶು ಚಾಚಿ ಹಿಡಿದು ಮರಗಳ ಎತ್ತರ ಅಳೆಯುತ್ತಿದ್ದಾಗ ಕೆಂಪು ಸೀರೆಯ ಹೆಂಗಸೊಬ್ಬಳು ಬದುವಿನ ಮೇಲೆ ಬಂದು ನಿಂತಳು. ಅಷ್ಟು ಹಸಿರಿಗೆ ಆ ಕೆಂಪು ಬೇಕೇ ಬೇಕಿತ್ತು. ಆದರೆ ನಟ್ಟನಡುವೆ ನಿಂತಿದ್ದಳು. ಎಡಕ್ಕೆ ಸರಿಯುವಂತೆ ಕೈಸನ್ನೆ ಮಾಡಿದೆ. ಸರಿದಳು. ಇನ್ನೂ ಎಡಕ್ಕೆ. ಸರಿದಳು. ಎಷ್ಟು ಹೇಳಿದಂತೆ ಕೇಳುತ್ತಾಳೆ ಎಂದು ಹಿಗ್ಗಿದೆ. ಏಳು ಸಲ ಕೈ ಬೀಸಿರಬೇಕು. ಏಳು ಎನ್ನುವುದು ಕತೆಯ ಸಂಖ್ಯೆ, ನಂಬಬೇಡಿ.

ಆಮೇಲೆ ಆಕೆ ಬದುವಿನ ಮೇಲೆ ಕುಸಿದು ಕೂತು ಎದೆ ಬಡಿದುಕೊಳ್ಳತೊಡಗಿದಳು. ಆಕೆಯ ಬಳಿಗೆ ಓಡಿದೆ.

“ಇನ್ನೆಷ್ಟ ಸರೀಬೇಕ್ರಿ ಸಾಹೇಬ್ರ? ಮನಿ ಬಾಗಲಿಗೇ ಬಂತಲ್ರಿ ನಿಮ್ಮ ಗಡಿ!”

ಅದು ಕಾಡಿನ ಜಾಗ. ಆಕೆಯ ಮಾವನ ಕಾಲದಿಂದ ಉಳುತ್ತಿದ್ದಾರೆ, ಪಟ್ಟಾ ಇಲ್ಲ. ಮೂರು ಕಾಲಿನ ಸ್ಟ್ಯಾಂಡು ಕಂಡರೆ ಸರ್ವೆಯವರು ಬಂದರು ಎಂದೇ ಅರ್ಥ. ನಾನು ಕೈ ಬೀಸಿದಾಗೆಲ್ಲ ಆಕೆಯ ಗದ್ದೆ ಒಂದಿಷ್ಟು ಹೋಗುತ್ತಿತ್ತು.

“ನಾ ಸರ್ವೇದಾಂವ ಅಲ್ಲವ್ವಾ. ಚಿತ್ರಾ ಬರಿಯಾಂವ.”

“ಯಾರು ಹೇಳ್ಯಾರ ಬರಿಯಾಕ?”

“ಯಾರೂ ಹೇಳಿಲ್ಲ.”

“ಯಾರೂ ಹೇಳದ ಮುಂಜಾನಿಂದ ಕೊಕ್ಕರೆಗತೆ ನಿಂತೀರಿ? ಸುಳ್ಳರ ನೆಟ್ಟಗ ಹೇಳ್ರಿ!”

ನಂಬಿಸಲು ಆಕೆಯನ್ನು ಚಿತ್ರದ ಮುಂದೆ ಕರೆತಂದೆ. ಬಹಳ ಹೊತ್ತು ನೋಡಿದಳು.

“ನಮ್ಮನಿ ಎಲ್ಲೈತ್ರಿ ಇದರಾಗ?”

ಗದ್ದೆಯ ಎಡತುದಿಯಲ್ಲಿ ಆಕೆಯ ಮನೆ. ತಗಡಿನ ಮೇಲೆ ನೀಲಿ ತಾಡಪಾಲು ಹೊದಿಸಿತ್ತು. ಆ ನೀಲಿ ಹಸಿರನ್ನು ಕೆಡಿಸುತ್ತದೆಂದು ಮನೆಯನ್ನೇ ಬಿಟ್ಟು, ಅಲ್ಲಿ ನಾಲ್ಕು ಮರ ಬರೆದಿದ್ದೆ. ಚೆನ್ನಾಗಿ ಬಂದಿದ್ದವು.

“ಆ ಸರ್ವೇದವ್ರ ನಕಾಶೆದಾಗೂ ಹಿಂಗ ಐತಿ ನೋಡ್ರಿ,” ಎಂದಳು. “ಬರೇ ಕಾಡು.”

ಈಗಲೇ ಮನೆ ಬರೆಯುತ್ತೇನೆಂದು ಬ್ರಶ್ಶು ನೀರಿಗದ್ದಿದೆ.

“ಬ್ಯಾಡ. ಮೊದಲ ಆ ಮೂರಕಾಲಿಂದ ಮಡಚ್ರಿ.”

ಮಡಚಿದೆ. ಆಕೆ ಬದುವಿಗೆ ವಾಪಸು ಹೋಗಿ, ನಾನು ಸರಿಸಿದಷ್ಟೂ ದೂರ ಬಲಕ್ಕೆ ನಡೆದು, ಮೊದಲು ನಿಂತಿದ್ದ ಜಾಗದಲ್ಲೇ ಕಾಲೂರಿ ನನ್ನತ್ತ ತಿರುಗಿದಳು. ನನ್ನ ಬಸ್ಸು ಬರುವ ತನಕ ಅಲ್ಲಿಂದ ಕದಲಲಿಲ್ಲ.