ಲೋಕಲ್ ಎಂಬ ಬಾಲ

ಸಿಡುಕಣ್ಣ ತೀರಿಕೊಂಡ ದಿನ ಆಸ್ಪತ್ರೆಯಲ್ಲಿ ಅತ್ತವರು ಕಡಿಮೆ, ನೆಮ್ಮದಿಯ ಉಸಿರು ಬಿಟ್ಟವರು ಹೆಚ್ಚು. ಹೀಗೆ ಬರೆಯುವುದಕ್ಕೆ ಸಂಕಟವಾಗುತ್ತದೆ. ಆದರೆ ಅವನನ್ನು ಸಾಧು ಮನುಷ್ಯ ಎಂದು ಬರೆದರೆ ಅವನೇ ಎದ್ದು ಬಂದು ಬೈದಾನು.

ಅವನ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆ ಹೇಳಿದಂತೆ. ಅದು ಕನ್ನಡಕದ ಹಾಗೆ ಮೂಗಿನ ಮೇಲೇ ಕೂತಿತ್ತು. ಮಲಗುವಾಗ ಮಾತ್ರ ತೆಗೆದಿಡುತ್ತಿದ್ದ. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವನ ಸುಪರ್ದಿನಲ್ಲಿದ್ದವು. ಮೌಸ್ ಅಲ್ಲಾಡುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ, “ನಿಮ್ಮ ಕೈ ಅಲ್ಲಾಡ್ತಿದೆಯಾ, ಮೊದಲು ಅದನ್ನ ನೋಡ್ಕೊಳ್ಳಿ” ಎಂದು ಇಟ್ಟುಬಿಡುತ್ತಿದ್ದ. ಎದುರಿಗೆ ‘ಸಾರ್’ ಎನ್ನುತ್ತಿದ್ದವರು ಬೆನ್ನ ಹಿಂದೆ ‘ಸಿಡುಕಣ್ಣ’ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು.

ಕೆಳಮಹಡಿಯ ಓಣಿಯ ಕೊನೆಯತ್ತ, ಒಗೆದ ಹಾಸುಬಟ್ಟೆಗಳ ಉಗ್ರಾಣದ ಪಕ್ಕದಲ್ಲಿ ಅವನ ಕೋಣೆ. ಅದರಾಚೆ ಟೆಲಿಫೋನ್ ಆಪರೇಟರಮ್ಮನ ಗೂಡು. ಅದಕ್ಕೂ ಆಚೆ ವೈರು, ಸ್ವಿಚ್ಚು, ಸರ್ವರುಗಳ ಕೋಣೆ. ಅಲ್ಲಿ ಕೂರುತ್ತಿದ್ದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ಇಬ್ಬರಿಗೂ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಮಾವನ ಮನೆಯ ಗೋಡೆ ಗಡಿಯಾರ ಕೆಟ್ಟಾಗ ಅಳಿಯಂದಿರಿಬ್ಬರೂ ರಿಪೇರಿಗೆ ಕೂತಿದ್ದರು. ಒಬ್ಬ ಮುಳ್ಳು ಹಿಡಿದ, ಒಬ್ಬ ಸ್ಪ್ರಿಂಗು ಹಿಡಿದ. ಸ್ಪ್ರಿಂಗು ಹಾರಿ ಎಲ್ಲಿ ಹೋಯಿತೋ ಈವರೆಗೂ ಸಿಕ್ಕಿಲ್ಲ. “ನೀನು ಬಿಟ್ಟೆ”, “ನೀವು ತಳ್ಳಿದ್ರಿ” ಎಂದು ಶುರುವಾದದ್ದು ಊಟಕ್ಕೆ ಬೇರೆ ಬೇರೆ ಪಂಕ್ತಿ ಆಗುವವರೆಗೆ ಹೋಯಿತು. ಅತ್ತೆ ಆ ಗಡಿಯಾರವನ್ನು ಹಾಗೇ ನೇತುಹಾಕಿದ್ದರು. ಅದನ್ನು ನೋಡಿದಾಗಲೆಲ್ಲ ಸಿಡುಕಣ್ಣನಿಗೆ ಮೈ ಉರಿಯುತ್ತಿತ್ತು.

ಆದರೂ ಕೆಲಸ ನಡೆಯಬೇಕಲ್ಲ? ಆಪರೇಟರಮ್ಮನ ಗೂಡಿಗೆ ಎರಡೂ ಕಡೆಗೆ ಒಂದೊಂದು ಕಿಂಡಿಯಿತ್ತು. ಸಿಡುಕಣ್ಣ ಈ ಕಿಂಡಿ ತೆರೆದು, “ಹೇಳ್ರೀ ಆ ಕತ್ತೆಗೆ, ಮೂರನೇ ವಾರ್ಡಿನ ವೈರು ಇಲಿ ಕಡಿದಿದೆ. ಇಲಿಗಾದರೂ ಕೆಲಸ ಮಾಡೋ ಬುದ್ಧಿ ಇದೆ” ಎನ್ನುತ್ತಿದ್ದ. ಅವಳು ಆ ಕಿಂಡಿ ತೆರೆದು, “ಮೂರನೇ ವಾರ್ಡಿನ ವೈರು ಸ್ವಲ್ಪ ನೋಡ್ಬೇಕಂತೆ ಸಾರ್” ಎನ್ನುತ್ತಿದ್ದಳು. ಆ ಕಡೆಯ ವಿಷವನ್ನೂ ಹೀಗೇ ತೊಳೆದು ಈ ಕಡೆ ತರುತ್ತಿದ್ದಳು. ಅವಳ ಬಾಯಿಂದಾಗಿಯೇ ಆ ಓಣಿಯಲ್ಲಿ ಹೊಡೆದಾಟ ಆಗಿರಲಿಲ್ಲ.

ಕಂಪ್ಯೂಟರುಗಳು ಒಂದನ್ನೊಂದು ನಂಬರಿನಿಂದ ಹುಡುಕುತ್ತವೆ. ನಂಬರು ನೆನಪಿಡಲಾರದ ಮನುಷ್ಯ ಅವಕ್ಕೆ ಹೆಸರಿಡುತ್ತಾನೆ. ಯಾವ ಹೆಸರಿಗೆ ಯಾವ ನಂಬರು ಎಂದು ಕೇಳಿದವರಿಗೆ ಹೇಳುವ ಸರ್ವರೊಂದು ಷಡ್ಡಕನ ಕೋಣೆಯಲ್ಲಿತ್ತು. ಹೆಸರುಗಳನ್ನು ಇಟ್ಟವನು ಮಾತ್ರ ಸಿಡುಕಣ್ಣ. ಆಸ್ಪತ್ರೆಯ ಒಳಗಿನವು ಎಂದು ಗುರುತಾಗಲಿ ಎಂದು ಪ್ರತಿಯೊಂದರ ಕೊನೆಗೂ ‘ಲೋಕಲ್’ ಎಂದು ಸೇರಿಸಿದ್ದ. ಲ್ಯಾಬಿನದು ‘ಲ್ಯಾಬ್ ಡಾಟ್ ಲೋಕಲ್’. ಎಕ್ಸ್‌ರೇಯದು ‘ಎಕ್ಸ್‌ರೇ ಡಾಟ್ ಲೋಕಲ್’. ಮಕ್ಕಳಿಗೆ ಹೆಸರಿಟ್ಟವನಷ್ಟೇ ಹೆಮ್ಮೆ ಅವನಿಗೆ.

ಒಂದು ವಾರಾಂತ್ಯ ಕೂತು ವಾರ್ಡುಗಳ ಕಂಪ್ಯೂಟರುಗಳಿಗೆಲ್ಲ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ. ಸೋಮವಾರ ಬೆಳಿಗ್ಗೆ ಪರದೆಗಳ ಮೇಲೆ ಹೊಸ ಬಣ್ಣ ಬಂತು, ಹೊಸ ಗುಂಡಿಗಳು ಬಂದವು. ರಕ್ತದ ರಿಪೋರ್ಟು ಬರಲಿಲ್ಲ. ‘ಲ್ಯಾಬ್ ಡಾಟ್ ಲೋಕಲ್ ಎಂಬ ಹೆಸರು ಸಿಗಲಿಲ್ಲ’ ಎಂಬ ಒಂದೇ ಸಾಲು ಎಲ್ಲ ಕಡೆ.

“ಸಾರ್, ಲ್ಯಾಬು ಕಾಣೆಯಾಗಿದೆ” ಎಂದು ಹೆಂಗಸರ ವಾರ್ಡಿನ ಸಿಸ್ಟರ್ ಫೋನ್ ಮಾಡಿದಳು.

“ಮೇಲಿನ ಮಹಡೀಲಿದೆ. ಮೆಟ್ಟಿಲು ಹತ್ತಿ ನೋಡಿ.”

“ಹತ್ತಿ ಹತ್ತಿ ಮಂಡಿ ಹೋಯ್ತು ಸಾರ್. ನಿಮ್ಮ ಮಂಡಿ ಚೆನ್ನಾಗಿದ್ರೆ ನೀವು ಬನ್ನಿ, ರಿಪೋರ್ಟ್ ಹೊರೋಕೆ.”

ಅವನು ಫೋನು ಇಡುವಷ್ಟರಲ್ಲಿ ದೊಡ್ಡ ಡಾಕ್ಟರು ತಾವೇ ಇಳಿದು ಬಂದು ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ, ಅವನ ಕೋಣೆಯೊಳಗೆ ಯಾರೂ ಬರುತ್ತಿರಲಿಲ್ಲ.

“ಸಂಜೆ ರೌಂಡ್ಸಿಗೆ ರಿಪೋರ್ಟು ಪರದೆ ಮೇಲೆ ಇರಬೇಕು. ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಕೆಲಸ ಹೊರಗಿನ ಕಂಪನಿಗೆ. ಅವರು ಬಾಗಿಲು ತಟ್ಟುತ್ತಾನೇ ಇದ್ದಾರೆ.”

“ವೈರಿನ ಕೆಲಸಾನೂ ಹೊರಗೆ ಕೊಡ್ತೀರಾ?”

“ವೈರು ಸರಿಯಾಗೇ ಇದೆಯಲ್ಲ. ಅದನ್ನ ಯಾಕೆ ಮುಟ್ಟಲಿ?”

ಆ ಮಾತು ಚುಚ್ಚಿತು. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಆದರೆ ತಾನು ಹೋಗಿ ಷಡ್ಡಕ ಉಳಿಯುವುದು, ಅತ್ತೆಯ ಮನೆಯಲ್ಲಿ ಆ ಕೆಟ್ಟ ಗಡಿಯಾರದ ಕೆಳಗೆ ಕೂತು ಅವನ ಆಫೀಸಿನ ಸುದ್ದಿ ಕೇಳುವುದು! ಅದಕ್ಕಿಂತ ಇದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗುವುದು ಮೇಲು ಎನಿಸಿತು ಅವನಿಗೆ.

ವಾರ್ಡಿನ ಕಂಪ್ಯೂಟರೊಂದರ ಮುಂದೆ ಕೂತ. ಲ್ಯಾಬಿನ ನಂಬರು ಹೊಡೆದರೆ ಲ್ಯಾಬು ತಕ್ಷಣ ಓಗೊಟ್ಟಿತು. ಹೆಸರು ಹೊಡೆದರೆ ಇಲ್ಲವೇ ಇಲ್ಲ. ಹೊರಗಿನ ಪ್ರಪಂಚದ ಹೆಸರುಗಳೆಲ್ಲ ಸಿಗುತ್ತಿದ್ದವು. ಹೆಸರಿನ ಸರ್ವರನ್ನೇ ನೇರವಾಗಿ ಕೇಳಿದ. ಅದು ಲ್ಯಾಬಿನ ನಂಬರನ್ನು ತಪ್ಪಿಲ್ಲದೆ ಹೇಳಿತು. ಅದೇ ಕಂಪ್ಯೂಟರಿನಲ್ಲಿ ರಿಪೋರ್ಟ್ ತೆರೆದರೆ ಮತ್ತೆ ಅದೇ ಹಾಡು, ‘ಸಿಗಲಿಲ್ಲ’. ಮನೆಯಲ್ಲೇ ಕೂತು, ಮನೆಯಲ್ಲಿ ಇಲ್ಲ ಎಂದು ಹೇಳಿಸುವವರ ಹಾಗೆ. ಸರ್ವರಿನ ವಿಳಾಸ ಬರೆಯುವ ಹಳೆಯ ಫೈಲನ್ನು ತಿದ್ದಿ ಕಂಪ್ಯೂಟರನ್ನು ಮತ್ತೆ ಶುರುಮಾಡಿದ. ಹೊಸ ಸಿಸ್ಟಮ್ ಅವನು ಬರೆದದ್ದನ್ನು ಅಳಿಸಿ, ತನಗೆ ಬೇಕಾದದ್ದನ್ನೇ ಬರೆದುಕೊಂಡಿತು.

“ನನ್ನ ಕೈಬರಹ ಅಳಿಸ್ತೀಯಾ?” ಎಂದು ಪರದೆಯನ್ನೇ ಗದರಿದ. ಪಕ್ಕದ ಹಾಸಿಗೆಯ ರೋಗಿ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡ.

ಕೊನೆಗೆ ತನ್ನ ಕೋಣೆಗೆ ಹೋಗಿ ಕಿಂಡಿ ಬಡಿದ. “ಹೇಳ್ರೀ ಅವನಿಗೆ, ಅವನ ಸರ್ವರಿಗೆ ಮೂಗುದಾರ ಹಾಕೋಕೆ. ನನ್ನ ಕೆಲಸ ಕಳೀಬೇಕು ಅಂತ ಏನಾದ್ರೂ ಆಟ ಕಟ್ಟಿದ್ರೆ ಚರ್ಮ ಸುಲೀತೀನಿ ಅಂತಾನೂ ಹೇಳಿ.”

ಆಪರೇಟರಮ್ಮ ಆ ಕಡೆ ತಿರುಗಿದಳು. ಗೊಣಗಾಟ ಕೇಳಿಸಿತು, ಒಂದು ನಗೆಯೂ ಕೇಳಿಸಿತು. ಅವಳು ತಿರುಗಿ ಬಂದು, “ಅವರ ಸರ್ವರ್ ಚೆನ್ನಾಗಿದೆಯಂತೆ ಸಾರ್. ಎಲ್ಲ ಸರಿಹೋಗತ್ತಂತೆ” ಎಂದಳು.

“ಸರಿಹೋಗತ್ತಂತಾ? ಸಮಾಧಾನ ಹೇಳ್ತಾನಾ ನನಗೆ?”

ಮಧ್ಯಾಹ್ನದ ಹೊತ್ತಿಗೆ ಹೆಂಡತಿಯ ಫೋನು. “ತಂಗಿ ಹೇಳಿದ್ಲು, ನಿಮ್ಮ ಕೆಲಸ ಹೋಗತ್ತಂತೆ?”

“ರಿಪೋರ್ಟು ಮೇಲಿನ ಮಹಡಿಯಿಂದ ಕೆಳಗೆ ಬರ್ತಿಲ್ಲ, ಈ ಸುದ್ದಿ ಮಾತ್ರ ಊರಾಚೆ ಮನೆಗೆ ತಲುಪಿತಾ?”

“ನನ್ನ ಮೇಲೆ ಯಾಕೆ ಹಾರಾಡ್ತೀರಿ? ಅವರನ್ನೇ ಒಂದು ಮಾತು ಕೇಳಬಾರ್ದಾ? ಬಾಯಿ ಸವೆಯತ್ತಾ?”

ಅವನು ಫೋನು ಕುಕ್ಕಿದ. ಬೆಳಿಗ್ಗೆ ಕಿಂಡಿಯಾಚೆ ಕೇಳಿದ ಆ ನಗೆ ನೆನಪಾಯಿತು. ಮತ್ತೆ ಕಿಂಡಿ ತೆರೆದ.

“ಬೆಳಿಗ್ಗೆ ಅವನು ನಕ್ಕನಲ್ಲ, ಏನಂದ?”

“ಹೇಳಿದ್ನಲ್ಲ ಸಾರ್.”

“ಪೂರ್ತಿ ಹೇಳ್ರೀ.”

“ಬಿಡಿ ಸಾರ್. ಬೈಗುಳ ಎಲ್ಲ ಯಾಕೆ?”

“ಹೇಳ್ತೀರೋ ಇಲ್ವೋ?”

ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. “ನಿಮ್ಮನ್ನ… ಲೋಕಲ್ ಅಂದ್ರು. ಲೋಕಲ್ ಬಾಲ ಅಂತ ಏನೋ ಅಂದ್ರು. ಅದನ್ನ ಬಿಟ್ರೆ ಎಲ್ಲ ಸರಿಹೋಗತ್ತೆ ಅಂದ್ರು. ನಾನು ಕೆಟ್ಟ ಮಾತು ಬಿಟ್ಟು ಒಳ್ಳೇದನ್ನ ಮಾತ್ರ ಹೇಳಿದೆ.”

ಲೋಕಲ್! ಬೀದಿಬದಿಯ, ಕೀಳು ದರ್ಜೆಯ! ಗಡಿಯಾರದ ಜಗಳದಲ್ಲಿ ಕತ್ತೆ, ಕೋಣ, ಗೂಬೆ ಎಲ್ಲ ಅನ್ನಿಸಿಕೊಂಡಿದ್ದ, ಇದೊಂದನ್ನು ಅನ್ನಿಸಿಕೊಂಡಿರಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು. ಆಪರೇಟರಮ್ಮನ ಗೂಡು ದಾಟಿ, ಎಂದೂ ತುಳಿಯದ ಆ ಹೊಸಿಲನ್ನು ತುಳಿದ.

“ನನ್ನನ್ನ ಲೋಕಲ್ ಅಂದ್ಯಂತೆ?”

ಷಡ್ಡಕ ಬೆಚ್ಚಿಬಿದ್ದು ಎದ್ದು ನಿಂತ. ಬೆನ್ನ ಹಿಂದೆ ‘ಅವನು’ ಎನ್ನುತ್ತಿದ್ದವನ ಬಾಯಲ್ಲಿ ಎದುರಿಗೆ ‘ನೀವು’ ಬಂತು; ಅದಕ್ಕೆ ಷಡ್ಡಕನಿಗೆ ತನ್ನ ಮೇಲೇ ಸಿಟ್ಟು ಬಂತು.

“ನಿಮ್ಮನ್ನ ಯಾರ್ರೀ ಅಂದ್ರು? ನಿಮ್ಮ ಕಂಪ್ಯೂಟರಿನ ಹೆಸರನ್ನ ಅಂದೆ! ಆ ಬಾಲ ಇಟ್ಟೋರು ಯಾರು? ನಮ್ಮಪ್ಪನಾ?”

“ಹೆಸರಿಗೇನಾಗಿದೆ?”

“ಬೆಳಿಗ್ಗೆಯಿಂದ ನಿಮ್ಮ ವಾರ್ಡುಗಳಿಂದ ನನ್ನ ಸರ್ವರಿಗೆ ಆ ಹೆಸರಿನ ಒಂದು ಪ್ರಶ್ನೆನೂ ಬಂದಿಲ್ಲ. ಕೇಳಿದ್ದು ನೀವೊಬ್ಬರೇ. ಮಿಕ್ಕಿದ್ದೆಲ್ಲ ನೋಡಿ ಇಲ್ಲಿ.” ಪರದೆಯನ್ನು ಅವನ ಕಡೆ ತಿರುಗಿಸಿದ. ಸಾಲುಗಳು ಒಂದರ ಮೇಲೊಂದು ಓಡುತ್ತಿದ್ದವು. “ಈ ಹೊಸ ಸಿಸ್ಟಮಿಗೆ ಲೋಕಲ್ ಅಂದ್ರೆ ಬೇರೆ ಅರ್ಥ. ಆ ಬಾಲ ಕಂಡ್ರೆ ಸರ್ವರನ್ನ ಕೇಳೋದೇ ಇಲ್ಲ. ತನ್ನ ಬೀದೀಲಿ ನಿಂತು, ‘ಈ ಹೆಸರಿನೋರು ಯಾರಾದ್ರೂ ಇದ್ದೀರಾ’ ಅಂತ ಕೂಗತ್ತೆ. ಲ್ಯಾಬಿಗೆ ಆ ಕೂಗು ಅರ್ಥವಾಗಲ್ಲ. ಯಾರೂ ಓಗೊಡದಿದ್ರೆ, ಇಲ್ಲ ಅಂತ ಕೈ ತೊಳ್ಕೊಳತ್ತೆ. ಹಳೇದಕ್ಕೆ ಈ ಚಾಳಿ ಇರ್ಲಿಲ್ಲ. ಬೆಳಿಗ್ಗೆನೇ ಹೇಳಿ ಕಳಿಸಿದ್ನಲ್ಲ? ಕಿವಿಗೆ ಬೀಗ ಹಾಕಿದ್ರಾ?”

ಸಿಡುಕಣ್ಣ ಸಾಲುಗಳನ್ನೇ ನೋಡಿದ. ಲ್ಯಾಬ್ ಡಾಟ್ ಲೋಕಲ್, ಲ್ಯಾಬ್ ಡಾಟ್ ಲೋಕಲ್. ತಾನಿಟ್ಟ ಹೆಸರು ಕಳೆದುಹೋದ ಮಗುವಿನ ಹೆಸರಿನಂತೆ ಬೀದಿಯಲ್ಲಿ ಕೂಗಿಸಿಕೊಳ್ಳುತ್ತಿತ್ತು. ಬಾಗಿಲಲ್ಲಿ ಆಪರೇಟರಮ್ಮ ಬಾಯಿಗೆ ಕೈ ಹಿಡಿದು ನಿಂತಿದ್ದಳು.

“ಮೊದಲು ಸರ್ವರನ್ನ ಕೇಳು, ಆಮೇಲೆ ಬೀದೀಲಿ ಕೂಗು ಅಂತ ಒಂದು ಸಾಲು ತಿದ್ದಿದ್ರೆ ಇವತ್ತಿಗೆ ಸಾಕು” ಎಂದ ಷಡ್ಡಕ. “ಆದ್ರೆ ಆ ಬಾಲ ಕತ್ತರಿಸೋದೇ ಸರಿಯಾದ ಮದ್ದು.”

“ನನ್ನ ಮಕ್ಕಳ ಹೆಸರು ಬದಲಾಯಿಸೋಕೆ ನೀನ್ಯಾರು?”

“ಹಾಗಾದ್ರೆ ಪ್ರತಿ ಸಲ ಇದೇ ಗೋಳು ಅನುಭವಿಸಿ.”

“ಅನುಭವಿಸ್ತೀನಿ. ನಿನಗೇನು?”

ಧನ್ಯವಾದ ಹೇಳಲಿಲ್ಲ. ವಾರ್ಡಿನಿಂದ ವಾರ್ಡಿಗೆ ಹೋಗಿ ಆ ಒಂದು ಸಾಲನ್ನು ತಿದ್ದುತ್ತ ಹೋದ. ರೌಂಡ್ಸ್ ಶುರುವಾಗುವಾಗ ಹೆಂಗಸರ ವಾರ್ಡಿನ ಪರದೆಯ ಮೇಲೆ ರಿಪೋರ್ಟುಗಳು ಬಂದು ಕೂತಿದ್ದವು. “ಏನಾಗಿತ್ತು?” ಎಂದು ದೊಡ್ಡ ಡಾಕ್ಟರು ಕೇಳಿದರೆ, “ಹೊಸ ಸಿಸ್ಟಮಿನ ಕೊಬ್ಬು” ಎಂದ. ಬಾಲದ ಮಾತು ಎತ್ತಲಿಲ್ಲ, ಷಡ್ಡಕನ ಮಾತಂತೂ ಎತ್ತಲೇ ಇಲ್ಲ. ಕೆಲಸ ಉಳಿಯಿತು. ದ್ವೇಷವೂ ಉಳಿಯಿತು. ಮಾರನೆಯ ದಿನವೇ ಕಿಂಡಿ ತೆರೆದು “ಹೇಳ್ರೀ ಅವನಿಗೆ” ಶುರುವಾಯಿತು.

ಬದಲಾದವಳು ಆಪರೇಟರಮ್ಮ. “ಇನ್ನು ಮೇಲೆ ಒಂದಕ್ಷರಾನೂ ಬಿಡಲ್ಲ ಸಾರ್. ಯಾವುದು ಬೈಗುಳ, ಯಾವುದು ಕೆಲಸದ ಮಾತು ಅಂತ ನನಗೆ ತಿಳಿಯಲ್ಲ” ಎಂದಳು. ಅಂದಿನಿಂದ ಕತ್ತೆಯನ್ನು ಕತ್ತೆಯಾಗಿಯೇ, ಗೂಬೆಯನ್ನು ಗೂಬೆಯಾಗಿಯೇ ದಾಟಿಸಿದಳು, ಅದೇ ತೆಳ್ಳನೆಯ ಮರ್ಯಾದಸ್ಥ ದನಿಯಲ್ಲಿ. ಕೇಳಲೆಂದೇ ಸಿಸ್ಟರುಗಳು ಹಾಸುಬಟ್ಟೆಯ ನೆವದಲ್ಲಿ ಓಣಿಗೆ ಬರುತ್ತಿದ್ದರು.

ಕೊನೆಗೆ ಶ್ವಾಸಕೋಶದ ರೋಗ ಸಿಡುಕಣ್ಣನನ್ನು ಮಲಗಿಸಿದ್ದು ಅದೇ ಆಸ್ಪತ್ರೆಯಲ್ಲಿ. ತನ್ನ ರಿಪೋರ್ಟು ಲ್ಯಾಬ್ ಡಾಟ್ ಲೋಕಲ್‌ನಿಂದ ಪರದೆಗೆ ಬಂದಾಗ ಡಾಕ್ಟರಿಗಿಂತ ಮೊದಲೇ ಕತ್ತು ಚಾಚಿ ಓದಿದ. “ಬೇಗ ಬಂತು” ಎಂದ, ಅಷ್ಟೇ. ಷಡ್ಡಕ ನೋಡಲು ಬಂದು ಪರದೆಬಟ್ಟೆಯಾಚೆ ನಿಂತ. ಜೊತೆಗೆ ಬಂದಿದ್ದ ಆಪರೇಟರಮ್ಮ ಇಬ್ಬರ ನಡುವೆ ನಿಂತಳು.

“ಹೇಳಿ ಅವನಿಗೆ, ಈಗಲಾದ್ರೂ ಆ ಬಾಲ ಕತ್ತರಿಸೋಣ್ವಾ ಅಂತ.”

“ಹೇಳ್ರೀ ಅವನಿಗೆ” ಎಂದ ಸಿಡುಕಣ್ಣ, ಉಸಿರು ಎಳೆದುಕೊಂಡು, “ಮುಟ್ಟಿದ್ರೆ ಕೈ ಮುರೀತೀನಿ ಅಂತ.”

ಅವಳು ಎರಡನ್ನೂ ಅಕ್ಷರ ಬಿಡದೆ ಹೇಳಿದಳು.

ಸಿಡುಕಣ್ಣ ಹೋದ ಮೇಲೆ ಎರಡೂ ಕೆಲಸ ಷಡ್ಡಕನ ತಲೆಗೆ ಬಂದವು. ಮತ್ತೊಂದು ಹೊಸ ಸಿಸ್ಟಮ್ ಬಂತು. ಲ್ಯಾಬು ಮತ್ತೆ ಕಾಣೆಯಾಯಿತು. ಈಗ ಬಾಲ ಕತ್ತರಿಸಿದರೆ ತಡೆಯುವವರಿರಲಿಲ್ಲ. ಷಡ್ಡಕ ವಾರ್ಡಿನಿಂದ ವಾರ್ಡಿಗೆ ಹೋಗಿ, ಹಲ್ಲು ಕಡಿಯುತ್ತ, ಆ ಒಂದು ಸಾಲನ್ನು ಪ್ರತಿ ಕಂಪ್ಯೂಟರಿನಲ್ಲೂ ಕೈಯಾರೆ ತಿದ್ದಿದ. ತಿರುಗಿ ಬಂದು ಕಿಂಡಿ ಬಡಿದ.

“ಹೇಳಿ ಆ ಲೋಕಲ್ ನನ್ಮಗನಿಗೆ, ಅವನ ಬಾಲ ಹೊತ್ತು ಹೊತ್ತು ನನ್ನ ಬೆನ್ನು ಬಿತ್ತು ಅಂತ.”

ಆಪರೇಟರಮ್ಮ ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ತಿರುಗಿ ಈ ಕಡೆಯ ಕಿಂಡಿ ತೆರೆದು, ಖಾಲಿ ಕುರ್ಚಿಗೆ, ಒಂದಕ್ಷರವನ್ನೂ ಬಿಡದೆ ಹೇಳಿದಳು. ಉತ್ತರಕ್ಕೆ ಕಾಯುವುದು ಅವಳ ಅಭ್ಯಾಸ. ಆ ಕಡೆಯ ಕಿಂಡಿಯಲ್ಲಿ ಷಡ್ಡಕನೂ ಕಾಯುತ್ತ ನಿಂತಿದ್ದ.